ಬೆಳೆದ ಮಕ್ಕಳ ಕೋಣೆ

ಬೆಳಗಿನ ವಾರ್ತೆ ಮುಗಿಯುವ ಹೊತ್ತಿಗೆ ಅನೇಕ ಮನೆಗಳಲ್ಲಿ ಇನ್ನೊಂದು ಪ್ರಸಾರ ಆರಂಭವಾಗುತ್ತದೆ. “ಏನೋ ಇದು, ಕೋಣೆಯೋ ದನದ ಕೊಟ್ಟಿಗೆಯೋ?” ಎಂದು ತಾಯಿ, “ಆಮೇಲೆ ಮಾಡ್ತೀನಿ ಬಿಡಮ್ಮ” ಎಂದು ಒಳಗಿನಿಂದ ಮಗ. ಹೊಸ್ತಿಲಿಗೆ ರಂಗೋಲಿ ಬಿದ್ದಿದೆ, ನಡುಮನೆ ಗುಡಿಸಿ ಒರೆಸಿ ಆಗಿದೆ. ಆ ಒಂದು ಬಾಗಿಲು ತೆರೆದರೆ ಮಾತ್ರ ಕುರ್ಚಿಯ ಮೇಲೆ ಬಟ್ಟೆಯ ಗುಡ್ಡ, ಹಾಸಿಗೆಯ ಮೇಲೆ ಒದ್ದೆ ಟವಲು, ಕಿಟಕಿಯಲ್ಲಿ ಕಾಫಿ ಒಣಗಿ ಅಂಟಿದ ಲೋಟ. ಈ ಪ್ರಸಾರಕ್ಕೆ ಭಾನುವಾರದ ರಜೆಯೂ ಇಲ್ಲ. ಆದರೆ ಇದರಿಂದ ಒಂದು ಕೋಣೆಯಾದರೂ ಚೊಕ್ಕಟವಾದದ್ದುಂಟೆ?

ಇಲ್ಲಿ ಹೇಳಹೊರಟಿರುವುದು ಚಿಕ್ಕ ಮಕ್ಕಳ ವಿಷಯವಲ್ಲ. ಹದಿನೆಂಟು ದಾಟಿ, ಮತ ಹಾಕುವ ಹಕ್ಕು ಪಡೆದು, ಕಾಲೇಜಿಗೋ ಕೆಲಸಕ್ಕೋ ಹೋಗುತ್ತಿರುವವರ ವಿಷಯ. “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?” ಎಂದು ಕೈಚೆಲ್ಲುವ ತಂದೆತಾಯಿಗಳಿದ್ದಾರೆ. ಬೈಯುತ್ತಲೇ ತಾವೇ ಹೋಗಿ ಗುಡಿಸಿ ಬರುವವರು ಇನ್ನೂ ಹೆಚ್ಚು. ನಾನು ಈ ಎರಡನೆಯ ಗುಂಪಿಗೆ ಸೇರಿದವಳು.

ಒಂದು ದಿನ ಮಗಳು ಕಾಲೇಜಿಗೆ ಹೋಗಿದ್ದಾಗ, ಅವಳ ಕೋಣೆಯ ನೆಲದ ಮೇಲೆ ಹರಡಿದ್ದ ಕಾಗದಗಳನ್ನೆಲ್ಲ ಒಟ್ಟುಮಾಡಿ, ದಾರ ಕಟ್ಟಿ, ಅಟ್ಟಕ್ಕೆ ಹಾಕಿಬಿಟ್ಟೆ. ಸಂಜೆ ಅವಳು ಕೂಗಾಡಲಿಲ್ಲ. “ಪರೀಕ್ಷೆಗೆ ಅಂತ ಪಾಠದ ಪ್ರಕಾರ ಜೋಡಿಸಿಟ್ಟಿದ್ದೆ ಅಮ್ಮ” ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು. ಮರುದಿನದಿಂದ ಹೊರಗೆ ಹೋಗುವಾಗ ಕೋಣೆಗೆ ಬೀಗ ಬಿತ್ತು. ನೆಲ ಚೊಕ್ಕಟವಾಯಿತು, ಮಾತು ನಿಂತಿತು. ಆ ವ್ಯವಹಾರದಲ್ಲಿ ನಷ್ಟ ಯಾರದೆಂದು ತಿಳಿಯಲು ನನಗೆ ಹೆಚ್ಚು ದಿನ ಹಿಡಿಯಲಿಲ್ಲ.

ಹೇಳಿದಷ್ಟೂ ಮಾಡದಿರುವುದು ಬರಿಯ ಮೊಂಡುತನವೆ? ಮನಶ್ಶಾಸ್ತ್ರಜ್ಞರು ಹಾಗೆನ್ನುವುದಿಲ್ಲ. ಅಮೆರಿಕದ ಜ್ಯಾಕ್ ಬ್ರೆಮ್ 1966ರಲ್ಲಿ ಪ್ರಕಟಿಸಿದ ಸಿದ್ಧಾಂತದ ಸಾರ ಇದು: ತನ್ನ ಆಯ್ಕೆಯನ್ನು ಯಾರೋ ಕಿತ್ತುಕೊಳ್ಳುತ್ತಿದ್ದಾರೆಂದು ಕಂಡೊಡನೆ, ಮನುಷ್ಯನಿಗೆ ಆ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳುವ ಹಟ ಹುಟ್ಟುತ್ತದೆ. ಈಗಲೋ ಇನ್ನೇನು ಎದ್ದು ಬಟ್ಟೆ ಮಡಿಸಬೇಕೆಂದಿದ್ದ ಹುಡುಗ ಕೂಡ, “ಮೊದಲು ಅದನ್ನು ಮಡಿಸು” ಎಂದು ಕೇಳಿದಾಗ ಮತ್ತೆ ಕುಳಿತುಬಿಡುವುದು ಇದರಿಂದಲೇ.

ಹಾಗಾದರೆ ಆಸೆ ತೋರಿಸಿದರೆ ಆದೀತೆ? 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ಶಿಶುವಿಹಾರದ ಮಕ್ಕಳ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧವಾದುದು. ಚಿತ್ರ ಬರೆದರೆ ಬಹುಮಾನ ಕೊಡುವುದಾಗಿ ಮೊದಲೇ ಹೇಳಿಸಿಕೊಂಡ ಮಕ್ಕಳು, ಮುಂದೆ ಬಹುಮಾನವಿಲ್ಲದ ವೇಳೆಯಲ್ಲಿ ಉಳಿದವರಿಗಿಂತ ಕಡಿಮೆ ಚಿತ್ರ ಬರೆದರು. ಇಷ್ಟದಿಂದ ಮಾಡುತ್ತಿದ್ದುದು ಕೂಲಿಯ ಕೆಲಸವಾಯಿತು. ಕಸ ಗುಡಿಸುವುದರಲ್ಲಿ ಚಿತ್ರ ಬರೆಯುವ ಸಂತೋಷವಿಲ್ಲ, ನಿಜ. ಆದರೂ ತನ್ನ ಹಾಸಿಗೆ ತಾನು ಮಡಿಸಲು ಮನೆಯವರಿಂದ ಹಣ ಪಡೆದವನು, ಹಣ ಕೊಡುವವರಿಲ್ಲದ ಊರಿನಲ್ಲಿ ಏನು ಮಾಡಿಯಾನು?

ಬೈಗುಳವೂ ಬೇಡ, ಲಂಚವೂ ಬೇಡ ಎಂದಮೇಲೆ ಉಳಿಯುವ ದಾರಿ ಯಾವುದು? ಮೊದಲನೆಯದು ಗಡಿಯನ್ನು ಗುರುತಿಸುವುದು. ಕೋಣೆಯ ಒಳಗಿನ ಒಪ್ಪ ಓರಣ ಮಕ್ಕಳದು. ಮನೆಗೆಲ್ಲ ತಟ್ಟುವ ಸಂಗತಿ ಮನೆಯವರೆಲ್ಲರದು. ಎಂಜಲು ತಟ್ಟೆ ಲೋಟ ರಾತ್ರಿಯೊಳಗೆ ಅಡಿಗೆಮನೆಗೆ ಬರಬೇಕು, ಇಲ್ಲವಾದರೆ ಇರುವೆ ಜಿರಲೆಗಳಿಗೆ ಕರೆಯೋಲೆ ಕೊಟ್ಟಂತೆ. ಒದ್ದೆ ಬಟ್ಟೆ ಹಗ್ಗಕ್ಕೆ ಹೋಗಬೇಕು. ಮಳೆಗಾಲದಲ್ಲಿ ಮುದ್ದೆಯಾಗಿ ಬಿದ್ದ ಟವಲಿಗೆ ಬೂಷ್ಟು ಹಿಡಿಯಲು ಹೆಚ್ಚು ಹೊತ್ತು ಬೇಡ. ಹಾಸಿಗೆ ದಿಂಬುಗಳಲ್ಲಿ ಕಣ್ಣಿಗೆ ಕಾಣದ ಧೂಳುನುಸಿಗಳು ನಮ್ಮ ಚರ್ಮದಿಂದ ಉದುರಿದ ಹೊಟ್ಟನ್ನು ತಿಂದು, ಗಾಳಿಯ ತೇವವನ್ನು ಹೀರಿ ಬದುಕುತ್ತವೆ. ಉಬ್ಬಸವೋ ಸೀನಿನ ಕಾಟವೋ ಇರುವವರಿಗೆ ಅವು ಶತ್ರುಗಳು. ಇಷ್ಟನ್ನು ಕಾರಣಸಹಿತ ಹೇಳಿ, ಉಳಿದುದನ್ನು ಅವರಿಗೇ ಬಿಡಬೇಕು. ಪುಸ್ತಕ ನೆಲದ ಮೇಲಿದ್ದರೆ ಯಾರಿಗೂ ರೋಗ ಬರುವುದಿಲ್ಲ.

ಎರಡನೆಯದು, ವಸ್ತುಗಳಿಗೆ ಜಾಗ. ಕುರ್ಚಿಯ ಮೇಲೆ ಬೀಳುವುದು ಬಹುಮಟ್ಟಿಗೆ ಒಮ್ಮೆ ಉಟ್ಟ ಬಟ್ಟೆ. ಅದು ಒಗೆಯುವಷ್ಟು ಕೊಳೆಯೂ ಅಲ್ಲ, ಬೀರುವಿಗೆ ಸೇರುವಷ್ಟು ಮಡಿಯೂ ಅಲ್ಲ. ಬಾಗಿಲ ಹಿಂದೆ ನಾಲ್ಕು ಗೂಟ, ಮೂಲೆಗೊಂದು ಬುಟ್ಟಿ, ಇಷ್ಟಾದರೆ ಅರ್ಧ ಗುಡ್ಡ ಕರಗುತ್ತದೆ. ಎಲ್ಲಿ ಹೊಡೆಯಬೇಕೆಂಬುದನ್ನು ಮಾತ್ರ ಅವರನ್ನೇ ಕೇಳಿರಿ.

ಮೂರನೆಯದು, ಚಿಕ್ಕ ಕೆಲಸಕ್ಕೆ ಗೊತ್ತಾದ ಹೊತ್ತು. “ಶುಚಿಯಾಗಿಡುತ್ತೇನೆ” ಎಂಬ ಸಂಕಲ್ಪಕ್ಕಿಂತ, “ಹಲ್ಲುಜ್ಜಿ ಬಂದೊಡನೆ ಹಾಸಿಗೆ ಸರಿಪಡಿಸುತ್ತೇನೆ” ಎಂಬುದು ಗಟ್ಟಿ. ಇಂಥ ಸಮಯ ಸಂದರ್ಭಗಳನ್ನು ನಿಶ್ಚಯಿಸಿಕೊಂಡ ಸಂಕಲ್ಪ ಹೆಚ್ಚು ಈಡೇರುತ್ತದೆಂದು ಪೀಟರ್ ಗಾಲ್ವಿಟ್ಸರ್ 1999ರ ಲೇಖನವೊಂದರಲ್ಲಿ ವಿವರಿಸಿದ್ದಾರೆ. ಆದರೆ ಆ ಹೊತ್ತನ್ನು ಆರಿಸುವವರು ಅವರೇ ಆಗಬೇಕು.

ಇನ್ನು ಬೇಕಾದುದು ತಾಳ್ಮೆ. ಲಂಡನ್ನಿನಲ್ಲಿ 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಅಭ್ಯಾಸ ಬೇರೂರಲು ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ. ನಡುವಿನ ಲೆಕ್ಕ 66. ಒಂದು ದಿನ ತಪ್ಪಿದರೆ ಎಲ್ಲವೂ ಕೆಟ್ಟಿತೆಂದಲ್ಲವೆಂಬುದೂ ಅದರಲ್ಲಿ ಕಂಡುಬಂತು. ಆದ್ದರಿಂದ ಮೂರನೆಯ ದಿನವೇ “ನಿನ್ನ ಕೈಲಿ ಆಗುತ್ತೇನೋ!” ಎಂದು ಹಂಗಿಸಬಾರದು. ಅವರು ಮಡಿಸಿದ ಹೊದಿಕೆಯನ್ನು ನಾವು ಮತ್ತೆ ಬಿಡಿಸಿ ಮಡಿಸಲೂಬಾರದು.

ಒಂದು ಎಚ್ಚರಿಕೆಯ ಮಾತು. ಮೊದಲು ಅಚ್ಚುಕಟ್ಟಾಗಿದ್ದ ಹುಡುಗನೋ ಹುಡುಗಿಯೋ ಇದ್ದಕ್ಕಿದ್ದಂತೆ ಕೋಣೆಯನ್ನೂ ತಮ್ಮನ್ನೂ ಕಡೆಗಣಿಸಿದರೆ, ಸ್ನಾನ ಊಟ ನಿದ್ರೆ ಏರುಪೇರಾಗಿ ಗೆಳೆಯರೂ ಬೇಡವಾದರೆ, ಅದನ್ನು ಸೋಮಾರಿತನವೆಂದು ತಳ್ಳಿಹಾಕಬಾರದು. ಮನಸ್ಸಿನ ಖಿನ್ನತೆ ಹೀಗೂ ತೋರಿಕೊಳ್ಳುತ್ತದೆ. ಆಗ ಬೇಕಾದುದು ಪೊರಕೆಯಲ್ಲ, ಪಕ್ಕದಲ್ಲಿ ಕುಳಿತು ಕೇಳುವ ಕಿವಿ, ಅಗತ್ಯವಿದ್ದರೆ ವೈದ್ಯರು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ನನ್ನ ಮಗಳ ಕಾಗದದ ಕಟ್ಟನ್ನು ಅಟ್ಟದಿಂದ ಇಳಿಸಿ, “ತಪ್ಪಾಯಿತು ಕಣೇ” ಎಂದು ಕೊಟ್ಟೆ. ಬೀಗ ತೆಗೆಯಲು ಅವಳಿಗೆ ಎರಡು ತಿಂಗಳು ಬೇಕಾಯಿತು. ಕೋಣೆ ಆಮೇಲೂ ನನ್ನ ಕಣ್ಣಿಗೆ ಒಪ್ಪುವಂತಿರಲಿಲ್ಲ. ಲೋಟಗಳು ಮಾತ್ರ ರಾತ್ರಿ ತಾವಾಗಿಯೇ ಅಡಿಗೆಮನೆಗೆ ಬರತೊಡಗಿದವು. ಈಗ ಅವಳು ಬೇರೆ ಊರಿನಲ್ಲಿ, ಬಾಡಿಗೆಯ ಕೋಣೆಯಲ್ಲಿದ್ದಾಳೆ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಫೋನು ಮಾಡಿ ಕೇಳಿದಳು: “ಅಮ್ಮ, ಟವಲಿನ ಮುಗ್ಗಲು ವಾಸನೆ ಹೋಗೋದಕ್ಕೆ ಏನು ಮಾಡ್ತೀಯ?” ಬಿಸಿನೀರು, ಬಿಸಿಲು ಎಂದೆ. ಆ ನೆಪದಲ್ಲಿ ಅರ್ಧ ಗಂಟೆ ಮಾತನಾಡಿದೆವು.