ಮನೆ ಬಿಡಿಸುವ ಮುನ್ನವೇ ಸಿಗಲಿ ನೆರವು

ಮೊಳಕಾಲ್ಮುರು ತಾಲ್ಲೂಕು ರೇಷ್ಮೆ ಸೀರೆಗೆ ಹೆಸರಾದದ್ದು. ನೆಲದಲ್ಲಿ ಗುಂಡಿ ತೋಡಿ ಮಗ್ಗ ಹೂಡಿದ ನೇಕಾರನಿಗೆ ಮನೆಯೇ ಕಾರ್ಖಾನೆ. ಅದು ಬಾಡಿಗೆ ಮನೆಯಾಗಿದ್ದರೆ? ಈ ತಾಲ್ಲೂಕಿನ ರಾಂಪುರದಂಥ ಊರಿನಲ್ಲಿ ಮೂರು ತಿಂಗಳ ಬಾಡಿಗೆ ಬಾಕಿ ಉಳಿಸಿಕೊಂಡವನಿಗೆ ಮಾಲೀಕ, ‘ನಾಳೆಯೇ ಜಾಗ ಖಾಲಿ ಮಾಡು’ ಎಂದನೆಂದು ಭಾವಿಸೋಣ. ಸೂರು, ದುಡಿಮೆ ಎರಡೂ ಒಟ್ಟಿಗೇ ಕೈತಪ್ಪುತ್ತವೆ.

ಕಾನೂನು ಇದಕ್ಕೆ ಒಪ್ಪುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಎಲ್ಲೆಡೆಗೂ, ಎಲ್ಲ ಮನೆಗಳಿಗೂ ದೊರೆಯದು ನಿಜ. ಅದರ ವ್ಯಾಪ್ತಿಗೆ ಬಾರದ ಕಡೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಆಧಾರ. ಬೇರೆ ಕರಾರಿಲ್ಲದಿದ್ದರೆ, ತಿಂಗಳ ಬಾಡಿಗೆಯವನಿಗೆ ಹದಿನೈದು ದಿನಗಳ ನೋಟಿಸ್ ನೀಡಬೇಕು. ಆಮೇಲೂ ಬಿಡಿಸಬೇಕಾದದ್ದು ನ್ಯಾಯಾಲಯದ ಮೂಲಕವೇ ಹೊರತು ಬೀಗ ಜಡಿದಲ್ಲ. ಬಲವಂತದಿಂದ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೇಳಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಅವಕಾಶ ಕೊಟ್ಟಿದೆ.

ದಾವೆ ಹೂಡಲು ವಕೀಲರು ಬೇಕಲ್ಲ? ಅದಕ್ಕೂ ದಾರಿಯಿದೆ. 1976ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 39-ಎ ವಿಧಿಯ ಆಶಯದಂತೆ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರಲ್ಲಿ ರೂಪುಗೊಂಡು 1995ರ ನವೆಂಬರ್ 9ರಂದು ಜಾರಿಗೆ ಬಂತು. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಉಳಿದವರಲ್ಲಿ ಹಲವರಿಗೆ ಆದಾಯದ ಮಿತಿಯುಂಟು. ಕರಾರು ಪತ್ರ ಪತ್ನಿಯ ಹೆಸರಿನಲ್ಲಿದ್ದರೆ ಆಕೆಯೇ ನೆರವು ಕೇಳಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಸಲ್ಲಿಸಬಹುದು. 15100 ಸಹಾಯವಾಣಿಗೆ ಕರೆಯನ್ನೂ ಮಾಡಬಹುದು.

ಆದರೂ ಎರಡು ಕೊರತೆಗಳಿವೆ. ಕರಾರು ಬಾಯಿಮಾತಿನದು, ರಸೀದಿ ಇಲ್ಲ. ಸಾಮಾನು ಬೀದಿಗೆ ಬಿದ್ದ ಮೇಲಷ್ಟೇ ವಕೀಲರ ನೆನಪಾಗುತ್ತದೆ. ಎರಡನೆಯದು, ವಕೀಲರು ಕಾಲಾವಕಾಶ ಕೊಡಿಸಬಲ್ಲರೇ ವಿನಾ ಬಾಕಿ ತೀರಿಸಲಾರರು. ಹಣದ ನೆರವಿಲ್ಲದ ಕಾನೂನಿನ ನೆರವು ಅರ್ಧ ನೆರವು.

ಕೊರೊನಾ ಕಾಲ ಇದನ್ನು ಚೆನ್ನಾಗಿಯೇ ತೋರಿಸಿತು. ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದೆಂದು 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಆದೇಶಿಸಿತು. ಬಾಡಿಗೆಯನ್ನೇ ನಂಬಿದ ಮಾಲೀಕನ ನಷ್ಟ ತುಂಬುವ ಮಾತು ಆ ಆದೇಶದಲ್ಲಿರಲಿಲ್ಲ. ಅಮೆರಿಕದಲ್ಲಿ ಬಾಡಿಗೆ ಬಾಕಿ ತೀರಿಸಲೆಂದೇ ಸರ್ಕಾರ ಹಣ ಒದಗಿಸಿತು. ಅದಕ್ಕೂ ಮೊದಲೇ, 2017ರಲ್ಲಿ, ನ್ಯೂಯಾರ್ಕ್ ನಗರವು ತೆರವಿನ ಮೊಕದ್ದಮೆ ಎದುರಿಸುವ ಬಡ ಬಾಡಿಗೆದಾರರಿಗೆ ವಕೀಲರನ್ನು ಒದಗಿಸುವ ಶಾಸನ ಮಾಡಿತ್ತು.

ಅಷ್ಟು ದೊಡ್ಡ ಹಣ ನಮ್ಮಲ್ಲಿಲ್ಲದಿರಬಹುದು. ಆದರೆ ತೆರವಿನ ನೋಟಿಸಿನ ಜತೆಗೇ ಉಚಿತ ನೆರವಿನ ವಿವರ ಕನ್ನಡದಲ್ಲಿರಬೇಕೆಂಬ ನಿಯಮಕ್ಕೆ ಹೆಚ್ಚು ಖರ್ಚಾಗದು. ಒಂದೆರಡು ತಿಂಗಳ ಬಾಡಿಗೆಯನ್ನು ಸಾಲವಾಗಿ ಕೊಟ್ಟು ಕಂತಿನಲ್ಲಿ ಹಿಂಪಡೆಯುವ ಸಣ್ಣ ನಿಧಿಯನ್ನು ಸ್ಥಳೀಯ ಸಂಸ್ಥೆಗಳು, ಸಹಕಾರ ಸಂಘಗಳು ಆರಂಭಿಸಬಹುದು. ಶುಲ್ಕವಿಲ್ಲದ ಲೋಕ ಅದಾಲತ್‌ನಲ್ಲಿ ಇಂಥ ಕಂತಿನ ರಾಜಿಗೆ ಅವಕಾಶವಿದ್ದೇ ಇದೆ.

ಮಾಲೀಕರೆಲ್ಲ ಸಿರಿವಂತರಲ್ಲ; ಎರಡು ಕೋಣೆಯ ಬಾಡಿಗೆಯಲ್ಲೇ ಬದುಕುವ ವಿಧವೆಯರೂ ಇದ್ದಾರೆ. ಬಾಕಿ ತೀರಿದರೆ ಅವರಿಗೂ ನ್ಯಾಯ ಸಿಕ್ಕಂತೆ. ಕಿತ್ತ ಮಗ್ಗವನ್ನು ಮತ್ತೆ ಹೂಡುವುದು ಸುಲಭವಲ್ಲ. ಅದನ್ನು ಕೀಳದಂತೆ ನೋಡಿಕೊಳ್ಳುವುದೇ ಎಲ್ಲರಿಗೂ ಅಗ್ಗ.