ತೋಟದಲ್ಲಿ ಕಳೆದ ಓಲೆ, ನೆಲದಲ್ಲಿ ಹೂತ ನಾಣ್ಯ: ಲೋಹಶೋಧಕ ಹಿಡಿದವರಿಗೆ ಎರಡು ದಾರಿ

ತಿಪಟೂರು ತಾಲ್ಲೂಕಿನ ಹಾಲ್ಕುರಿಕೆ ಸುತ್ತಿನ ತೆಂಗಿನ ತೋಟಗಳಲ್ಲಿ ಕಳೆದ ಒಡವೆಯನ್ನು ಹುಡುಕುವುದು ಸುಲಭದ ಕೆಲಸವಲ್ಲ. ಕಾಯಿ ಕೀಳಿಸುವಾಗಲೋ, ಸೋಗೆ ಎಳೆದು ಹಾಕುವಾಗಲೋ, ಪಾತಿಗೆ ಗೊಬ್ಬರ ಕೊಡುವಾಗಲೋ ಕಿವಿಯ ಓಲೆ ಜಾರಿ ಬಿದ್ದರೆ ಅದು ಸಿಪ್ಪೆ, ಗರಿ, ಸಡಿಲ ಮಣ್ಣಿನ ನಡುವೆ ಮರೆಯಾಗುತ್ತದೆ. ಮನೆಮಂದಿಯೆಲ್ಲ ಸೇರಿ ಮಣ್ಣು ಜಾಲಿಸುವುದು, ದೇವರಿಗೆ ಹರಕೆ ಹೊರುವುದು ಹಳೆಯ ರೂಢಿ. ಈಗ ಇದೇ ಕೆಲಸಕ್ಕೆ ಮೆಟಲ್ ಡಿಟೆಕ್ಟರ್, ಅಂದರೆ ಲೋಹಶೋಧಕ ಯಂತ್ರ ಒದಗಿದೆ. ಪಾಶ್ಚಾತ್ಯ ದೇಶಗಳಲ್ಲಿ ಹವ್ಯಾಸವಾಗಿ ಬೆಳೆದ ಈ ಶೋಧನೆ ನಮ್ಮಲ್ಲಿಯೂ ಕುತೂಹಲ ಹುಟ್ಟಿಸಿದೆ. ಆದರೆ ಯಂತ್ರ ಕಳೆದುಹೋದ ವಸ್ತುವನ್ನೂ ಹೂತಿಟ್ಟ ವಸ್ತುವನ್ನೂ ಒಂದೇ ಸದ್ದಿನಲ್ಲಿ ತೋರಿಸುತ್ತದೆ. ಕಾನೂನು ಹಾಗಲ್ಲ, ಅವೆರಡನ್ನೂ ಬೇರೆಯಾಗಿಯೇ ಕಾಣುತ್ತದೆ.

ಮೊದಲು ಯಂತ್ರದ ವಿಷಯ. ಕೋಲಿನ ತುದಿಯಲ್ಲಿರುವ ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿಗಳಿರುತ್ತವೆ. ಒಂದು ಸುರುಳಿ ಸೆಕೆಂಡಿಗೆ ಸಾವಿರಾರು ಬಾರಿ ಬದಲಾಗುವ ಕಾಂತಕ್ಷೇತ್ರವನ್ನು ನೆಲಕ್ಕೆ ಹಾಯಿಸುತ್ತದೆ. ಕೆಳಗೆ ಲೋಹವಿದ್ದರೆ ಅದರ ಮೈಯಲ್ಲಿ ಸುಳಿಯಂತೆ ತಿರುಗುವ ವಿದ್ಯುತ್ ಪ್ರವಾಹ ಹುಟ್ಟಿ, ತನ್ನದೇ ಪುಟ್ಟ ಕಾಂತಕ್ಷೇತ್ರವನ್ನು ಮರಳಿ ಕಳುಹಿಸುತ್ತದೆ. ಇನ್ನೊಂದು ಸುರುಳಿ ಅದನ್ನು ಹಿಡಿಯುತ್ತದೆ, ಕಿವಿಯಲ್ಲಿ ಸದ್ದು ಕೇಳಿಸುತ್ತದೆ. ಮರಳಿ ಬರುವ ಅಲೆ ಎಷ್ಟು ತಡವಾಗಿದೆ ಎಂಬುದರಿಂದ ಕಬ್ಬಿಣವೋ, ಬೆಳ್ಳಿ ತಾಮ್ರದಂಥ ಲೋಹವೋ ಎಂದು ಯಂತ್ರ ಅಂದಾಜು ಮಾಡುತ್ತದೆ. ಅಂದಾಜು ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ತೆಳ್ಳಗಿನ ಚಿನ್ನದ ಉಂಗುರವೂ ಮಾತ್ರೆ ಸುತ್ತಿದ ಅಲ್ಯೂಮಿನಿಯಂ ಹಾಳೆಯೂ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ. ಕಸದ ಸದ್ದು ಬೇಡವೆಂದು ಹಾಳೆಯ ಸಂಕೇತವನ್ನು ಬಿಟ್ಟುಬಿಡುವಂತೆ ಯಂತ್ರವನ್ನು ಹೊಂದಿಸಿದವರು ಉಂಗುರವನ್ನೂ ದಾಟಿ ನಡೆದುಬಿಡುತ್ತಾರೆ.

ಒಡವೆಯ ಆಕಾರವೂ ಮುಖ್ಯ. ಮುಚ್ಚಿದ ವೃತ್ತವಾಗಿರುವ ಉಂಗುರದಲ್ಲಿ ಪ್ರವಾಹ ಸರಾಗವಾಗಿ ತಿರುಗುವುದರಿಂದ ಸದ್ದು ಚೆನ್ನಾಗಿ ಬರುತ್ತದೆ. ಅದೇ ಉಂಗುರ ಒಂದು ಕಡೆ ಬಿರುಕು ಬಿಟ್ಟಿದ್ದರೆ ಸದ್ದು ಕುಗ್ಗುತ್ತದೆ. ಎಳೆ ಸರದ ಪಾಡು ಇನ್ನೂ ಕಷ್ಟ: ಯಂತ್ರ ಇಡೀ ಸರವನ್ನು ನೋಡುವುದಿಲ್ಲ, ಒಂದೊಂದು ಕೊಂಡಿಯನ್ನು ಬೇರೆ ಬೇರೆಯಾಗಿ ನೋಡುತ್ತದೆ. ಹಲವು ಬಾರಿ ಸಿಕ್ಕಿಸುವ ಕೊಕ್ಕೆಯೋ ಪದಕವೋ ಮಾತ್ರ ಸದ್ದು ಮಾಡುತ್ತದೆ. ಎರಡು ಗ್ರಾಂ ಮೂಗುಬೊಟ್ಟಿಗಿಂತ ಹತ್ತು ಗ್ರಾಂ ಸರ ಬೇಗ ಸಿಗುತ್ತದೆ ಎಂಬ ಲೆಕ್ಕ ಯಾವಾಗಲೂ ನಿಜವಲ್ಲ.

ತೋಟದಲ್ಲಿ ಹುಡುಕುವವರು ಮೊದಲು ಪಂಪ್‌ಸೆಟ್ಟಿನ ಮೋಟಾರು ನಿಲ್ಲಿಸಿ, ಮೊಬೈಲನ್ನು ದೂರವಿಡುವುದು ಒಳ್ಳೆಯದು. ವಿದ್ಯುತ್ ತಂತಿಯ ಸಮೀಪ ಯಂತ್ರ ಸುಮ್ಮನೆ ಕೂಗುತ್ತದೆ. ಕೊಳವೆಬಾವಿಯ ಕಬ್ಬಿಣದ ಕೇಸಿಂಗ್ ಪೈಪಿನ ಪಕ್ಕದಲ್ಲಂತೂ ಏನೂ ತಿಳಿಯದು. ಕಬ್ಬಿಣಾಂಶ ಹೆಚ್ಚಿರುವ ಕೆಂಪು ಮಣ್ಣು ತಾನೇ ಒಂದಿಷ್ಟು ಸದ್ದು ಮಾಡುವುದರಿಂದ ಯಂತ್ರವನ್ನು ಆ ನೆಲಕ್ಕೆ ಹೊಂದಿಸಿಕೊಳ್ಳದೆ ಹೊರಡಬಾರದು. ಸೋಗೆ, ಸಿಪ್ಪೆಗಳನ್ನು ಬದಿಗೆ ಸರಿಸಿ, ಹುರಿಯಿಂದ ಪಟ್ಟಿಗಳನ್ನು ಗುರುತಿಸಿ, ತಟ್ಟೆಯನ್ನು ನೆಲಕ್ಕೆ ಸಮೀಪವಾಗಿ ನಿಧಾನಕ್ಕೆ ಆಡಿಸುತ್ತ ಒಂದೊಂದೇ ಪಟ್ಟಿ ಮುಗಿಸುವುದು ಕ್ರಮ. ಇತ್ತೀಚೆಗೆ ಬಿದ್ದ ಒಡವೆ ಎರಡು ಮೂರು ಅಂಗುಲದೊಳಗೇ ಇರುತ್ತದೆ. ಹುಡುಕುವ ಮುನ್ನ ಉಳುಮೆ ಮಾಡಿಸಿದರೆ ಮಾತ್ರ ಕೆಲಸ ಕೆಟ್ಟಂತೆ.

ಆಳದ ಬಗ್ಗೆ ಜನರಲ್ಲಿ ದೊಡ್ಡ ಭ್ರಮೆಯಿದೆ. ಹವ್ಯಾಸಿಗಳ ಸಾಮಾನ್ಯ ಯಂತ್ರ ಒಂಟಿ ನಾಣ್ಯವನ್ನು ಸುಮಾರು ಒಂದು ಗೇಣಿನವರೆಗೆ ಗುರುತಿಸಬಲ್ಲದು. ಇಪ್ಪತ್ತು ಅಡಿ ಆಳದ ಬಂಗಾರವನ್ನು ದೂರದಿಂದಲೇ ತೋರಿಸುತ್ತೇವೆಂದು ಮಾರುವ ಕೈಕಡ್ಡಿ ಯಂತ್ರಗಳು ಶುದ್ಧ ಮೋಸ. ಗಾಲ್ಫ್ ಚೆಂಡು ಹುಡುಕುವ ಆಟಿಕೆಯ ಮಾದರಿಯಲ್ಲಿ ಮಾಡಿದ ಪೊಳ್ಳು ಸಾಧನವನ್ನು ಬಾಂಬ್ ಶೋಧಕವೆಂದು ಇರಾಕಿಗೆ ಮಾರಿದ ಬ್ರಿಟನ್ನಿನ ಜೇಮ್ಸ್ ಮೆಕ್‌ಕಾರ್ಮಿಕ್‌ಗೆ 2013ರಲ್ಲಿ 10 ವರ್ಷ ಜೈಲಾಯಿತು. ಸರ್ಕಾರವೇ ನಂಬಿ ಕೊಂಡ ಮೇಲೆ ಹಳ್ಳಿಯ ರೈತ ನಂಬುವುದು ಅಚ್ಚರಿಯಲ್ಲ.

ನಿಧಿಯಾಸೆಯ ನೆಲ

ಹಾಲ್ಕುರಿಕೆಯ ಸೀಮೆ ಬರೀ ತೆಂಗಿನ ಸೀಮೆಯಲ್ಲ. ಅದೇ ತಾಲ್ಲೂಕಿನ ಅರಳಗುಪ್ಪೆಯಲ್ಲಿ ಒಂಬತ್ತನೆಯ ಶತಮಾನದ ಕಲ್ಲೇಶ್ವರ ದೇಗುಲವಿದೆ, ಹೊಯ್ಸಳರ ಚನ್ನಕೇಶವ ದೇಗುಲವೂ ಇದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯಲ್ಲಿ ಯೋಗಮಾಧವ, ತುರುವೇಕೆರೆಯಲ್ಲಿ ಚೆನ್ನಿಗರಾಯ ಮತ್ತು ಮೂಲೆ ಶಂಕರೇಶ್ವರ, ನಾಗಲಾಪುರದಲ್ಲಿ ಕೇದಾರೇಶ್ವರ. ಇಂಥ ನೆಲದಲ್ಲಿ ಯಂತ್ರ ಹಿಡಿದು ಹೊರಟವರ ಮನಸ್ಸು ಓಲೆಯಿಂದ ನಿಧಿಯ ಕಡೆಗೆ ಜಾರಲು ಹೆಚ್ಚು ಹೊತ್ತು ಬೇಕಿಲ್ಲ. ಅದರ ಪರಿಣಾಮವನ್ನು ನಾಡು ಕಂಡಿದೆ. 2019ರ ಜುಲೈನಲ್ಲಿ ಆನೆಗೊಂದಿ ಬಳಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ರಾತ್ರೋರಾತ್ರಿ ಒಡೆದುಹಾಕಿದರು.

ಕಾನೂನಿನ ನಿಲುವು ಹೀಗಿದೆ. ಬೇರೊಬ್ಬರು ಕಳೆದುಕೊಂಡ ಒಡವೆ ಸಿಕ್ಕರೆ ಅದು ಸಿಕ್ಕವರ ಸ್ವತ್ತಾಗುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 71ನೆಯ ಕಲಮಿನಂತೆ ಸಿಕ್ಕವರು ಅದನ್ನು ಒತ್ತೆ ಪಡೆದವರಷ್ಟೇ ಜೋಪಾನವಾಗಿ ಕಾಯ್ದುಕೊಡಬೇಕು. ಒಡೆಯರು ಬಹುಮಾನ ಘೋಷಿಸಿದ್ದರೆ ಅದನ್ನು ಕೇಳುವ ಹಕ್ಕು ಅವರಿಗಿದೆ. ನೆಲದಲ್ಲಿ ಅಡಗಿದ, ಒಡೆಯರು ತಿಳಿಯದ ವಸ್ತುವಾದರೆ ಅದು ನಿಧಿ. ಬ್ರಿಟಿಷರು 1878ರಲ್ಲಿಯೇ ಇದಕ್ಕೊಂದು ಕಾಯ್ದೆ ಮಾಡಿದ್ದರು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆಯಿದೆ. ಸ್ವಂತ ತೋಟದಲ್ಲಿ ಸಿಕ್ಕಿತೆಂಬ ಕಾರಣಕ್ಕೆ ಅದನ್ನು ಮನೆಗೆ ಒಯ್ಯುವಂತಿಲ್ಲ. ಜಿಲ್ಲಾಡಳಿತಕ್ಕೆ ತಿಳಿಸಬೇಕು, ಮುಚ್ಚಿಟ್ಟರೆ ಶಿಕ್ಷೆಯುಂಟು. ನೂರು ವರ್ಷ ಮೀರಿದ ನಾಣ್ಯ, ವಿಗ್ರಹಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯಿಸುತ್ತದೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ. ಇನ್ನು ಕೇಂದ್ರದ ರಕ್ಷಿತ ಸ್ಮಾರಕಗಳ ಸುತ್ತಲಿನ 100 ಮೀಟರು 2010ರ ತಿದ್ದುಪಡಿಯಂತೆ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ಅಲ್ಲಿ ಹಾರೆ ಹಿಡಿಯುವ ಯೋಚನೆಯೇ ಬೇಡ.

ಸಿಕ್ಕಿದ್ದನ್ನು ಮೊದಲು ಎತ್ತಿ ನೋಡೋಣ, ಆಮೇಲೆ ತಿಳಿಸೋಣ ಎಂದರೆ ಏನು ತಪ್ಪು? ನಾಣ್ಯದ ಬೆಲೆಯಲ್ಲಿ ಅರ್ಧ ಅದು ಬಿದ್ದಿದ್ದ ಮಣ್ಣಿನ ಪದರದಲ್ಲಿದೆ ಎಂಬುದೇ ಇದಕ್ಕೆ ಉತ್ತರ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ದೊರೆಯಿತು. ನಾಣ್ಯದ ಕಾಲ ಗೊತ್ತಿದ್ದುದರಿಂದ ಜೊತೆಗಿದ್ದ ಮಡಕೆ ಚೂರುಗಳ ಕಾಲವನ್ನೂ ಲೆಕ್ಕ ಹಾಕಲು ಅದು ನೆರವಾಯಿತು. ಅದೇ ನಾಣ್ಯವನ್ನು ಯಾರೋ ಮೊದಲೇ ಕಿತ್ತು ಜೇಬಿಗಿಳಿಸಿದ್ದರೆ ಬೆಳ್ಳಿಯ ಬಿಲ್ಲೆಯೊಂದು ಉಳಿಯುತ್ತಿತ್ತು, ಚರಿತ್ರೆ ಹೋಗುತ್ತಿತ್ತು. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ಮಾರ್ಗಕ್ಕೆ ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಕೂಲಿಗಳ ಗುದ್ದಲಿಗೆ ಸಿಕ್ಕ ಅವುಗಳ ಸುತ್ತಲಿನ ಮಣ್ಣಿನಲ್ಲಿ ಮತ್ತೇನಿತ್ತೆಂದು ಕ್ರಮವಾಗಿ ನೋಡುವ ಅವಕಾಶ ಒದಗಲಿಲ್ಲ.

ಬ್ರಿಟನ್ನಿನ ಹವ್ಯಾಸಿಗಳ ನಡುವೆ ಮತ್ತೆ ಮತ್ತೆ ಹೇಳಲಾಗುವ ಕಥೆಯೊಂದಿದೆ. 1992ರ ನವೆಂಬರಿನಲ್ಲಿ ಸಫೊಕ್ ಪ್ರಾಂತದ ಹಾಕ್ಸನ್ ಹಳ್ಳಿಯ ರೈತನೊಬ್ಬನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಅದನ್ನು ಹುಡುಕಿಕೊಡಲು ಲೋಹಶೋಧಕ ಹಿಡಿದು ಹೋದವರು ಎರಿಕ್ ಲಾಸ್. ಯಂತ್ರ ಕೂಗಿದಲ್ಲಿ ಅಗೆದಾಗ ಬೆಳ್ಳಿ ಚಮಚ, ಚಿನ್ನದ ಸರ, ನಾಣ್ಯಗಳು ಕಂಡವು. ಸ್ವಲ್ಪ ತೆಗೆದವರೇ ಕೈ ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದರು. ಮರುದಿನ ಪುರಾತತ್ವಜ್ಞರು ಬಂದು ಉಳಿದುದನ್ನು ಕ್ರಮವಾಗಿ ತೆಗೆದರು. ಹದಿನಾಲ್ಕು ಸಾವಿರಕ್ಕೂ ಮಿಕ್ಕಿದ ರೋಮನ್ ನಾಣ್ಯಗಳು ದೊರೆತದ್ದಲ್ಲದೆ, ಅವನ್ನೆಲ್ಲ ಮರದ ಪೆಟ್ಟಿಗೆಯೊಂದರಲ್ಲಿ ಜೋಡಿಸಿಟ್ಟಿದ್ದರೆಂಬುದೂ ತಿಳಿಯಿತು. ಲಾಸ್ ಅವರಿಗೆ 17.5 ಲಕ್ಷ ಪೌಂಡ್ ಬಹುಮಾನ ಸಂದಿತು. ಅದನ್ನು ಅವರು ರೈತನೊಡನೆ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು, ಅದೀಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ನಮ್ಮ ತೋಟದ ಪಾತಿಯಲ್ಲಿ ಓಲೆಯ ಬದಲು ಮಡಕೆಯ ಕಂಠವೋ ನಾಣ್ಯದ ಗೊಂಚಲೋ ಕಂಡರೆ ಮಾಡಬೇಕಾದದ್ದೂ ಅದೇ. ಅಗೆತ ನಿಲ್ಲಿಸಿ, ಇದ್ದ ಸ್ಥಿತಿಯಲ್ಲೇ ಫೋಟೊ ತೆಗೆದು, ಮೇಲೆ ಒಂದು ಗೋಣಿಚೀಲ ಮುಚ್ಚಿ, ತಹಸೀಲ್ದಾರರಿಗೋ ಪೊಲೀಸ್ ಠಾಣೆಗೋ ಸುದ್ದಿ ಮುಟ್ಟಿಸಬೇಕು. ಸಿಕ್ಕ ನಾಣ್ಯವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಲೇಬಾರದು. ಹೊಳಪು ಬರುವ ಹೊತ್ತಿಗೆ ಅದರ ಮೇಲಿನ ಅಕ್ಷರಗಳೂ ಸವೆದುಹೋಗಿರುತ್ತವೆ.