ನಿಮಗಿದು ಗೊತ್ತೆ? ಸೋತ ಕ್ರಾಂತಿಯ ವಲಸೆಗಾರರು

1848ರಲ್ಲಿ ಜರ್ಮನ್ ಸಂಸ್ಥಾನಗಳಲ್ಲಿ ತಲೆಯೆತ್ತಿದ ಪ್ರಜಾಕ್ರಾಂತಿಯು ಮರುವರ್ಷವೇ ಪ್ರಷ್ಯದ ಸೈನ್ಯಬಲದ ಮುಂದೆ ಅಡಗಿಹೋಗಲು, ಸೆರೆಮನೆಗೋ ಮರಣದಂಡನೆಗೋ ಗುರಿಯಾಗಬೇಕಾಗಿದ್ದ ಸಹಸ್ರಾರು ವಿದ್ಯಾವಂತರೂ ಪತ್ರಿಕಾಕರ್ತರೂ ಕುಶಲಕರ್ಮಿಗಳೂ ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕವನ್ನು ಆಶ್ರಯಿಸಿದರು. ಇತಿಹಾಸಕಾರರು ಇವರನ್ನು ‘ನಲವತ್ತೆಂಟರವರು’ ಎಂದೇ ಕರೆಯುತ್ತಾರೆ.

ಇವರಲ್ಲಿ ಅಗ್ರಗಣ್ಯನಾದ ಕಾರ್ಲ್ ಶುರ್ಟ್ಸ್, ಕ್ರಾಂತಿಕಾರರು ಹಿಡಿದಿದ್ದ ರಾಸ್ಟಾಟ್ ಕೋಟೆಯು ಪ್ರಷ್ಯದ ಸೈನ್ಯದ ವಶವಾದಾಗ ಚರಂಡಿಯ ಸುರಂಗದ ಮೂಲಕ ನುಸುಳಿ ಪಾರಾದುದಲ್ಲದೆ, 1850ರಲ್ಲಿ ಗುಪ್ತವಾಗಿ ಸ್ವದೇಶಕ್ಕೆ ಹಿಂದಿರುಗಿ, ಯಾವಜ್ಜೀವ ಕಾರಾಗೃಹವಾಸಕ್ಕೊಳಗಾಗಿದ್ದ ತನ್ನ ಗುರು, ಕವಿ ಗಾಟ್‌ಫ್ರೀಡ್ ಕಿಂಕೆಲನನ್ನು, ಕಾವಲುಗಾರನೊಬ್ಬನಿಗೆ ಲಂಚವಿತ್ತು, ಸ್ಪಾಂಡೌ ಸೆರೆಮನೆಯಿಂದ ಹಗ್ಗದ ಸಹಾಯದಿಂದ ಕೆಳಗಿಳಿಸಿ ಬಿಡಿಸಿಕೊಂಡು ಹೋದನು.

1852ರಲ್ಲಿ ಅಮೆರಿಕವನ್ನು ಸೇರಿದ ಈತನು, 1860ರ ಚುನಾವಣೆಯಲ್ಲಿ ಜರ್ಮನ್ ವಲಸೆಗಾರರ ನಡುವೆ ಲಿಂಕನ್ನನ ಪರವಾಗಿ ಪ್ರಚಾರ ಕೈಗೊಂಡು, ಸ್ಪೇನಿನಲ್ಲಿ ರಾಯಭಾರಿಯಾಗಿಯೂ, ಗುಲಾಮಗಿರಿಯ ಪ್ರಶ್ನೆಯಿಂದ ಹೊತ್ತಿಕೊಂಡ ಅಂತರ್ಯುದ್ಧದಲ್ಲಿ ಸೇನಾನಿಯಾಗಿಯೂ ಸೇವೆ ಸಲ್ಲಿಸಿದನು. 1869ರಲ್ಲಿ ಮಿಸೌರಿಯಿಂದ ಸೆನೆಟ್ ಸಭೆಯನ್ನು ಪ್ರವೇಶಿಸಿ, ಆ ಸ್ಥಾನವನ್ನು ಪಡೆದ ಪ್ರಥಮ ಜರ್ಮನ್ ಸಂಜಾತನೆನಿಸಿದುದಲ್ಲದೆ, 1877ರಿಂದ 1881ರವರೆಗೆ ಅಧ್ಯಕ್ಷ ಹೇಯ್ಸನ ಮಂತ್ರಿಮಂಡಲದಲ್ಲಿ ಒಳಾಡಳಿತ ಸಚಿವನೂ ಆದನು.

ಈತನ ಪತ್ನಿ ಮಾರ್ಗರೆಥೆಯ ಕೊಡುಗೆಯೂ ಸಾಮಾನ್ಯವಾದುದಲ್ಲ. ಶಿಕ್ಷಣತಜ್ಞ ಫ್ರೋಬೆಲನ ತತ್ತ್ವಗಳನ್ನು ಅರಿತಿದ್ದ ಆಕೆ, 1856ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ವಾಟರ್‌ಟೌನಿನಲ್ಲಿ ತನ್ನ ಮಗಳನ್ನೂ ನೆರೆಹೊರೆಯ ಮಕ್ಕಳನ್ನೂ ಕೂಡಿಸಿಕೊಂಡು, ಜರ್ಮನ್ ಭಾಷೆಯಲ್ಲಿ ನಡೆಯುವ ಶಿಶುವಿಹಾರವೊಂದನ್ನು ತೆರೆದಳು. ಅಮೆರಿಕದ ಮೊತ್ತಮೊದಲ ಕಿಂಡರ್‌ಗಾರ್ಟನ್ ಇದೇ. ಇಂಥ ಶಿಶುವಿಹಾರಗಳು ರಾಜದ್ರೋಹಕ್ಕೂ ನಾಸ್ತಿಕತೆಗೂ ಎಡೆಗೊಡುವುವೆಂದು ಶಂಕಿಸಿ, ಪ್ರಷ್ಯದ ಸರಕಾರವು 1851ರಲ್ಲಿಯೇ ಅವುಗಳನ್ನು ನಿಷೇಧಿಸಿತ್ತು!